ಕುದೇರಿನಿಂದ ವಿಶೀ ಪಟ್ಟಣಕ್ಕೆ

ಕಳೆದ ಕಾರ್ತಿಕಮಾಸದಲ್ಲಿ ನನ್ನ ಹುಟ್ಟೂರಾದ ಕುದೇರಿಗೆ ಹೋಗಿದ್ದಾಗ ನೆರೆಮನೆಯ ವೃದ್ಧೆಯೊಬ್ಬರು ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಬಹಳ ಹೊತ್ತು ಮಾತನಾಡಿದರು. ಅವರ ಮೊಮ್ಮಗಳು ಮೈಸೂರಿನಲ್ಲಿ ಎಂಜಿನಿಯರಿಂಗ್ ಪದವಿ ಮುಗಿಸಿ ಹೆಚ್ಚಿನ ವ್ಯಾಸಂಗಕ್ಕಾಗಿ ಫ್ರಾನ್ಸ್ ದೇಶಕ್ಕೆ ಹೊರಟಿದ್ದಾಳೆ. ಮೊದಲ ಕೆಲವು ತಿಂಗಳು ಅಲ್ಲಿಯ ಕುಟುಂಬವೊಂದರ ಮನೆಯಲ್ಲಿ ಇರುವ ಏರ್ಪಾಡಾಗಿದೆಯಂತೆ. “ಅಲ್ಲ ಮೇಷ್ಟ್ರೇ, ಅವರ ಮನೇಲಿ ಕೂಸಿಗೆ ಉಣ್ಣಕೆ ಏನಿದ್ದಾತು? ಕೊರಳಲ್ಲಿ ಲಿಂಗ ಕಟ್ಕಂಡಿರೋ ಕೂಸು, ಅವರು ಏನಂದಾರು?” ಎಂಬುದು ಅಜ್ಜಿಯ ಚಿಂತೆ. ಊರಿನಲ್ಲಿ ಆ ದೇಶವನ್ನು ಕಂಡು ಬಂದವನೆಂದು ನನ್ನನ್ನು ಕೇಳಿದರು.

2030ರ ಹೊತ್ತಿಗೆ ವರ್ಷಕ್ಕೆ 30,000 ಭಾರತೀಯ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ಗುರಿಯನ್ನು ಫ್ರಾನ್ಸ್ ಪ್ರಕಟಿಸಿರುವುದರಿಂದ, ಈ ಪತ್ರಿಕೆಯನ್ನು ಓದುವ ಇನ್ನೂ ಕೆಲವು ಮನೆಗಳಲ್ಲಿ ಇದೇ ಪ್ರಶ್ನೆ ಎದ್ದಿರಬಹುದು. ಅಜ್ಜಿಗೆ ಅಂದು ಹೇಳಿದ್ದನ್ನೂ ಹೇಳಲಾರದೆ ಉಳಿಸಿಕೊಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹೋದದ್ದು 1986ರ ಸೆಪ್ಟೆಂಬರಿನಲ್ಲಿ. ಆಗ ನನಗೆ 26 ವರ್ಷ. ಬಾಲ್ಯದಿಂದಲೂ ಮಠದ ಪ್ರಸಾದನಿಲಯದಲ್ಲಿ ಉಂಡು, ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಕನ್ನಡಗಳನ್ನು ಓದಿ, ಮೈಸೂರಿನಲ್ಲಿ ಎಂ.ಎ. ಮುಗಿಸಿ, ಓಲೆಗರಿಗಳ ಸೂಚಿ ತಯಾರಿಸುವ ಕೆಲಸದಲ್ಲಿದ್ದವನು. ಫ್ರೆಂಚ್ ಸರ್ಕಾರದ ವಿದ್ಯಾರ್ಥಿವೇತನ ದೊರೆತಿತ್ತು. ಭಾಷೆ ತಿಳಿಯದವರು ಮೊದಲು ಭಾಷೆ ಕಲಿಯಬೇಕಾಗಿತ್ತು. ಅದಕ್ಕಾಗಿ ನನ್ನನ್ನು ಕಳಿಸಿದ್ದು ವಿಶೀ ಎಂಬ ಪಟ್ಟಣಕ್ಕೆ. ಪರದೇಶದವರಿಗೆ ಫ್ರೆಂಚ್ ಕಲಿಸುವ ದೊಡ್ಡ ಸಂಸ್ಥೆಯೊಂದು 1964ರಿಂದ ಅಲ್ಲಿದೆ.

ಹೊರಡುವ ಮುನ್ನ ನಡೆದ ಒಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ನನ್ನ ತಂದೆಯವರು ಆ ಬೇಸಿಗೆಯಿಂದಲೇ ಅಸ್ವಸ್ಥರಾಗಿದ್ದರು. ಕಾಲು ಊದಿಕೊಳ್ಳುತ್ತಿತ್ತು, ಮೆಟ್ಟಿಲು ಹತ್ತಿದರೆ ಉಸಿರು ಸಾಲುತ್ತಿರಲಿಲ್ಲ. ಹೋಗಲೇ ಬೇಡವೇ ಎಂದು ಕೇಳಿದಾಗ “ಹೋಗಿ ಬಾ” ಎಂದರು. ಆ ಮಾತನ್ನು ನಾನು ಅಪ್ಪಣೆ ಎಂದು ತಿಳಿದೆ. ಹಾಗೆ ತಿಳಿಯುವುದು ನನಗೆ ಅನುಕೂಲವಾಗಿಯೂ ಇತ್ತು. ಚಾಮರಾಜನಗರದ ನಿಲ್ದಾಣದಲ್ಲಿ ಮೈಸೂರಿನ ಮೀಟರ್ ಗೇಜ್ ರೈಲು ಹತ್ತಿಸಲು ಅಣ್ಣ ಬಂದಿದ್ದ. ತಂದೆಯವರು ಮನೆಯ ಬಾಗಿಲಿನಲ್ಲೇ ನಿಂತರು.

ಪ್ಯಾರಿಸ್ ವಿಮಾನನಿಲ್ದಾಣದಲ್ಲಿ ನನ್ನ ಚೀಲವನ್ನು ಬಿಚ್ಚಿಸಿದರು. ತಾಯಿಯವರು ಕಟ್ಟಿಕೊಟ್ಟ ನಾಲ್ಕು ಸೇರು ರಾಗಿಹಿಟ್ಟು ಒಂದು ಬಟ್ಟೆಗಂಟಿನಲ್ಲಿ, ವಿಭೂತಿಗಟ್ಟಿಗಳು ಇನ್ನೊಂದರಲ್ಲಿ. ಅಧಿಕಾರಿ ಹಿಟ್ಟನ್ನು ಮೂಸಿ ನೋಡಿ, ವಿಭೂತಿಯನ್ನು ಬೆಳಕಿಗೆ ಹಿಡಿದು ನೋಡಿ, ಇದನ್ನು ತಿನ್ನುವುದೋ ಎಂದು ಸನ್ನೆಯಲ್ಲಿ ಕೇಳಿದ. ನಾನು ಒಂದನ್ನು ಹೊಟ್ಟೆಗೂ ಇನ್ನೊಂದನ್ನು ಹಣೆಗೂ ತೋರಿಸಿದೆ. ನಕ್ಕು ಬಿಟ್ಟುಬಿಟ್ಟ.

ವಿಶೀ ಇರುವುದು ಫ್ರಾನ್ಸಿನ ನಡುಭಾಗದಲ್ಲಿ, ಅಲ್ಲಿಯೇ ಎಂಬ ನದಿಯ ದಂಡೆಯ ಮೇಲೆ. ಅದೊಂದು ಔಷಧಿಯ ಬುಗ್ಗೆಗಳ ಊರು. ನೆಲದೊಳಗಿಂದ ಖನಿಜಯುಕ್ತವಾದ ನೀರು ಕೆಲವು ಕಡೆ ಬಿಸಿಯಾಗಿ, ಕೆಲವು ಕಡೆ ತಣ್ಣಗೆ ಉಕ್ಕುತ್ತದೆ. ಜಠರ, ಯಕೃತ್ತು, ಕೀಲುಗಳ ಬಾಧೆ ಇರುವವರು ವೈದ್ಯರ ಚೀಟಿ ಹಿಡಿದು ಬಂದು ಮೂರು ವಾರ ಇದ್ದು ನೀರು ಕುಡಿಯುತ್ತಾರೆ. ಅಳತೆಯ ಗೆರೆಯಿರುವ ಗಾಜಿನ ಲೋಟವನ್ನು ಪುಟ್ಟ ಬೆತ್ತದ ಬುಟ್ಟಿಯಲ್ಲಿಟ್ಟುಕೊಂಡು ವೃದ್ಧರು ಸಾಲುಮರಗಳ ಕೆಳಗೆ ನಡೆಯುವುದನ್ನು ಕಂಡಾಗ, ನಂಜನಗೂಡಿನ ಕಪಿಲೆಯ ಸೋಪಾನದಲ್ಲಿ ಚೊಂಬು ಹಿಡಿದು ನಿಂತ ನಮ್ಮವರು ನೆನಪಾದರು. ನಾನೂ ಒಮ್ಮೆ ಕುಡಿದೆ. ಉಪ್ಪೂ ಸೋಡಾವೂ ಬೆರೆತ ರುಚಿ, ಎರಡನೆಯ ಗುಟುಕು ಇಳಿಯಲಿಲ್ಲ. ಮೂರನೆಯ ನೆಪೋಲಿಯನ್ ಚಕ್ರವರ್ತಿ 1860ರ ದಶಕದಲ್ಲಿ ಇಲ್ಲಿಗೆ ಬರುತ್ತಿದ್ದುದರಿಂದ ಊರು ಬೆಳೆಯಿತು. 1940ರಲ್ಲಿ ಜರ್ಮನರಿಗೆ ಸೋತ ಫ್ರಾನ್ಸಿನ ಸರ್ಕಾರ 1944ರವರೆಗೆ ಇಲ್ಲಿಯೇ ಕುಳಿತು ಆಳಿದ್ದರಿಂದ ಊರಿನ ಹೆಸರಿಗೆ ಮಸಿಯೂ ಹತ್ತಿತು. ಆ ವರ್ಷಗಳ ಮಾತೆತ್ತಿದರೆ ಊರಿನವರು ಮೌನ ತಾಳುತ್ತಿದ್ದರು. 2021ರಲ್ಲಿ ಯುನೆಸ್ಕೋ ಯೂರೋಪಿನ ಮಹಾ ಬುಗ್ಗೆಪಟ್ಟಣಗಳ ಸಾಲಿನಲ್ಲಿ ವಿಶೀಯನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದೆ.

ನಾನಿದ್ದ ಮನೆಯಲ್ಲಿ ಐದು ಜನ. ಯಜಮಾನರು ಪ್ರೌಢಶಾಲೆಯ ಉಪಾಧ್ಯಾಯರು. ಅವರ ಪತ್ನಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವರು. ಹನ್ನೊಂದರ ಮಗಳು, ಏಳರ ಮಗ. ಇವರೊಂದಿಗೆ ಯಜಮಾನಿತಿಯ ತಾಯಿ, ಎಪ್ಪತ್ತು ದಾಟಿದ ವಿಧವೆ. ಮಕ್ಕಳು ಅವರನ್ನು ‘ಮೆಮೆ’ ಎಂದು ಕರೆಯುತ್ತಿದ್ದರು, ನಮ್ಮ ‘ಅಜ್ಜಿ’ ಇದ್ದಂತೆ. ಕೆಲವು ದಿನಗಳ ಮೇಲೆ ನಾನೂ ಹಾಗೆಯೇ ಕರೆಯತೊಡಗಿದೆ.

ಮೊದಲ ತೊಡಕು ಊಟದ್ದಲ್ಲ, ಮಾತಿನದು. ಮಠದ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸುವಾಗ ಮಾತನಾಡಕೂಡದೆಂದು ಹದಿನೈದು ವರ್ಷ ಕಲಿತು ಬಂದವನು ನಾನು. ತಲೆ ತಗ್ಗಿಸಿ ಮೌನವಾಗಿ ಉಂಡೆ. ಮೂರು ದಿನ ಹೀಗಾದ ಮೇಲೆ ಯಜಮಾನಿತಿ ತರಗತಿಯ ಗುರುಗಳಿಗೆ ಫೋನ್ ಮಾಡಿ, ಈ ಹುಡುಗನಿಗೆ ನಮ್ಮ ಮೇಲೆ ಏನೋ ಅಸಮಾಧಾನವಿದೆ ಎಂದು ಹೇಳಿಕೊಂಡರಂತೆ. ಅಲ್ಲಿ ಊಟದ ಮೇಜಿನ ಬಳಿ ಮೌನವಾಗಿರುವುದು ಅಸಭ್ಯತೆ. ರಾತ್ರಿ ಎಂಟಕ್ಕೆ ಕುಳಿತರೆ ಒಂದೂವರೆ ಗಂಟೆ. ಮೊದಲು ಸೂಪು, ಬಳಿಕ ಮುಖ್ಯ ಪದಾರ್ಥ, ಆಮೇಲೆ ಸೊಪ್ಪಿನ ಎಲೆಗಳು, ಆಮೇಲೆ ಚೀಸು, ಕೊನೆಗೆ ಹಣ್ಣು. ಒಂದೊಂದರ ನಡುವೆಯೂ ಮಾತು. ಆ ದಿನ ಯಾರು ಏನು ಮಾಡಿದರೆಂದು ಏಳು ವರ್ಷದ ಹುಡುಗನೂ ವರದಿ ಒಪ್ಪಿಸಬೇಕು. ಎರಡು ಕೈಗಳೂ ಮೇಜಿನ ಮೇಲೆ ಕಾಣುವಂತಿರಬೇಕು, ತೊಡೆಯ ಮೇಲೆ ಇಟ್ಟುಕೊಳ್ಳುವಂತಿಲ್ಲ. ರೊಟ್ಟಿಯ ತುಂಡನ್ನು ತಟ್ಟೆಯಲ್ಲಿಡದೆ ಮೇಜಿನ ಬಟ್ಟೆಯ ಮೇಲೆಯೇ ಇಡುವರು. ಅದನ್ನು ಬೋರಲು ಹಾಕಿದರೆ ಮೆಮೆ ತಟ್ಟನೆ ತಿರುಗಿಸಿ ಇಡುತ್ತಿದ್ದರು, ಅಪಶಕುನವೆಂದು. ನನ್ನ ಭಾಷೆ ಸುಧಾರಿಸಿದ್ದು ತರಗತಿಗಿಂತ ಹೆಚ್ಚಾಗಿ ಆ ಮೇಜಿನ ಬಳಿ.

ಭಾಷೆಯ ಮಾತು ಬಂದಿತು. ಫ್ರೆಂಚಿನಲ್ಲಿ ನಮ್ಮ ಹಾಗೆಯೇ ‘ನೀನು’, ‘ನೀವು’ ಎಂಬ ಭೇದವುಂಟು: ‘ತ್ಯು’ ಮತ್ತು ‘ವೂ’. ಇಂಗ್ಲಿಷ್ ಬಲ್ಲವರು ಇಲ್ಲಿ ತಡವರಿಸುತ್ತಾರೆ, ಕನ್ನಡಿಗನಿಗೆ ಇದು ಮನೆಯ ಮಾತೇ. ಆದರೆ ಮಕ್ಕಳು ಅಜ್ಜಿಯನ್ನು ‘ನೀನು’ ಎನ್ನುವುದನ್ನು ಕೇಳಿ ಮೊದಲು ಬೆಚ್ಚಿದೆ. ಆಮೇಲೆ ಯೋಚಿಸಿದರೆ, ಕುದೇರಿನಲ್ಲಿ ನಾವು ಅವ್ವನನ್ನು ‘ನೀನು’ ಎಂದೇ ಕರೆದದ್ದು. ಪೇಟೆಗೆ ಹೋಗಿ ಓದಿದ ಮೇಲೆ ಅದನ್ನು ಮರೆತಿದ್ದೆ, ಅಷ್ಟೇ.

ಇನ್ನು ಊಟ. “ಮಾಂಸ ತಿನ್ನುವುದಿಲ್ಲ” ಎಂದರೆ ಅಂದಿನ ಅಲ್ಲಿಯ ಜನರಿಗೆ ಅರ್ಥವಾಗುತ್ತಿದ್ದುದು ದನದ ಮಾಂಸ ಬೇಡ ಎಂದಷ್ಟೇ. ಹಾಗಾದರೆ ಕೋಳಿ? ಮೀನು? ಬರಿಯ ತರಕಾರಿ ಸೂಪೆಂದು ಬಡಿಸಿದ್ದು ಎಲುಬು ಬೇಯಿಸಿದ ನೀರಿನಲ್ಲಿ ಕುದಿಸಿದ್ದೆಂದು ಎರಡನೆಯ ವಾರ ತಿಳಿಯಿತು. ಅಂದು ಬಚ್ಚಲಿಗೆ ಹೋಗಿ ವಾಂತಿ ಮಾಡಿ, ತಣ್ಣೀರು ಸ್ನಾನ ಮಾಡಿ, ಲಿಂಗದ ಮುಂದೆ ಕುಳಿತು ಅತ್ತೆ. ಅವರು ಮೋಸ ಮಾಡಿರಲಿಲ್ಲ. ಎಲುಬಿನ ನೀರನ್ನು ಮಾಂಸವೆಂದು ಅವರು ಎಣಿಸಿಯೇ ಇರಲಿಲ್ಲ. ಇನ್ನೊಂದು ಸಂಗತಿ ತಿಳಿದಾಗ ತಿಂಗಳೇ ಕಳೆದಿತ್ತು. ಅಲ್ಲಿಯ ಸಾಂಪ್ರದಾಯಿಕ ಚೀಸುಗಳಲ್ಲಿ ಬಹುಪಾಲನ್ನು ಹೆಪ್ಪುಗಟ್ಟಿಸುವುದು ಎಳಗರುವಿನ ಜಠರದಿಂದ ತೆಗೆದ ದ್ರವದಿಂದ. ಹಾಲಿನದೆಂದು ನಿಶ್ಚಿಂತೆಯಾಗಿ ತಿಂದಿದ್ದೆ. ಬಿಟ್ಟುಬಿಟ್ಟೆ. ಈಗ ಹೋಗುವ ಮಕ್ಕಳು ಈ ಎರಡನ್ನೂ ಮೊದಲ ದಿನವೇ, ಸಂಕೋಚವಿಲ್ಲದೆ, ಬಿಡಿಸಿ ಕೇಳಿ ತಿಳಿದುಕೊಳ್ಳಲಿ. ಈಗಂತೂ ಸಸ್ಯಾಹಾರವೆಂದರೆ ಅಲ್ಲಿ ಎಲ್ಲರಿಗೂ ಗೊತ್ತು.

ನನ್ನನ್ನು ಬದುಕಿಸಿದ್ದು ಮೆಮೆಯ ಕಾಳು. ವಿಶೀಗೆ ದಕ್ಷಿಣದಲ್ಲಿ ಲ ಪ್ಯುಯಿ ಎಂಬ ಬೆಟ್ಟಸೀಮೆಯಿದೆ. ಅಲ್ಲಿಯ ಜ್ವಾಲಾಮುಖಿಯ ಮಣ್ಣಿನಲ್ಲಿ ಮಸೂರದ ಜಾತಿಗೆ ಸೇರಿದ ಒಂದು ಸಣ್ಣ ಹಸಿರುಕಾಳು ಬೆಳೆಯುತ್ತದೆ. ಆ ಹೆಸರನ್ನು ಬೇರೆಡೆಯ ಕಾಳಿಗೆ ಬಳಸಬಾರದೆಂದು 1996ರಿಂದ ಕಾನೂನಿನ ರಕ್ಷಣೆಯೂ ಇದೆ. ಅವರು ಅದನ್ನು ಉಪ್ಪು ಹಾಕಿದ ಹಂದಿಮಾಂಸದೊಡನೆ ಬೇಯಿಸುವ ಪದ್ಧತಿ. ಮೆಮೆ ನನಗಾಗಿ ಬೇರೆ ಪಾತ್ರೆಯನ್ನೇ ತೆಗೆದಿಟ್ಟು, ಈರುಳ್ಳಿ, ಕ್ಯಾರೆಟ್ಟು, ಒಂದು ಎಲೆ ಹಾಕಿ ಬರಿಯ ಕಾಳು ಬೇಯಿಸತೊಡಗಿದರು. ಆ ಪಾತ್ರೆಯ ಹಿಡಿಗೆ ಗುರುತಿಗೆಂದು ಕೆಂಪು ದಾರ ಕಟ್ಟಿದ್ದರು. ಕಾಳಿನ ಕಟ್ಟನ್ನು ಬಸಿದು ಮೆಣಸು, ಬೆಳ್ಳುಳ್ಳಿ ಅರೆದು ಹಾಕಿದರೆ ನಮ್ಮ ಸೀಮೆಯ ಉಪ್ಪೆಸರಿಗೆ ಬಹಳ ದೂರವಿಲ್ಲ. ಒಂದು ಭಾನುವಾರ ನಾನೇ ಉಪ್ಪೆಸರು ಮಾಡಿ, ತಂದ ಹಿಟ್ಟಿನಿಂದ ಮುದ್ದೆ ತಿರುವಿದೆ. ಮರದ ಹಿಟ್ಟಿನ ಕೋಲಿಲ್ಲದೆ ದೊಡ್ಡ ಸೌಟಿನ ಹಿಡಿಯನ್ನೇ ಬಳಸಿದ್ದರಿಂದ ಗಂಟುಗಂಟಾಯಿತು. ಅಗಿಯಬಾರದು, ನುಂಗಬೇಕು ಎಂದು ಹೇಳಿಕೊಟ್ಟರೂ ಯಜಮಾನರು ಅಗಿದು ಅಗಿದು ದವಡೆ ನೋಯಿಸಿಕೊಂಡರು. ಹುಡುಗ ಮಾತ್ರ ನುಂಗಿ ಇನ್ನೊಂದು ತುತ್ತು ಕೇಳಿದ.

ಮೆಮೆ ತಟ್ಟೆಯಲ್ಲಿ ಏನನ್ನೂ ಬಿಡುತ್ತಿರಲಿಲ್ಲ. ಕೊನೆಗೆ ಒಂದು ತುಂಡು ರೊಟ್ಟಿಯಿಂದ ತಟ್ಟೆಯನ್ನು ಕನ್ನಡಿಯಂತೆ ಒರೆಸಿ ತಿನ್ನುತ್ತಿದ್ದರು. ಎಲೆಯಲ್ಲಿ ಒಂದು ಅಗುಳು ಬಿಟ್ಟರೂ ಗದರಿಸಿಕೊಂಡು ಬೆಳೆದ ನನಗೆ ಇದು ತುಂಬ ಒಪ್ಪಿಗೆಯಾಯಿತು. ಯುದ್ಧಕಾಲದಲ್ಲಿ ರೊಟ್ಟಿಗೆ ಪಡಿತರ ಚೀಟಿ. ಆಲೂಗಡ್ಡೆಯೂ ಸಿಗದೆ, ದನಗಳಿಗೆ ಹಾಕುವ ರುತಬಾಗ ಎಂಬ ಗೆಡ್ಡೆಯನ್ನು ಬೇಯಿಸಿ ತಿಂದಿದ್ದರಂತೆ. ಅದರ ಹೆಸರೆತ್ತಿದರೆ ನಲವತ್ತು ವರ್ಷಗಳ ಮೇಲೂ ಅವರ ಮುಖ ಸಿಂಡರಿಸುತ್ತಿತ್ತು.

ಪೂಜೆಯ ವಿಷಯ. ಬೆಳಗಿನ ಐದಕ್ಕೆ ಎದ್ದು ನಾನು ಸ್ನಾನಕ್ಕೆ ನಿಂತರೆ ಗೋಡೆಯೊಳಗಿನ ಕೊಳವೆಗಳು ಗುಡುಗಿ ಮನೆಯೆಲ್ಲ ಎಚ್ಚರಗೊಳ್ಳುತ್ತಿತ್ತು. ನಿತ್ಯ ಸ್ನಾನ ಅವರ ವಾಡಿಕೆಯಲ್ಲಿರಲಿಲ್ಲ, ಬಿಸಿನೀರಿನ ಅನಿಲದ ಖರ್ಚೂ ಹೆಚ್ಚು. ರಾತ್ರಿಯೇ ಒಂದು ಬಕೆಟ್ಟಿನಲ್ಲಿ ನೀರು ತುಂಬಿಟ್ಟುಕೊಂಡು ಬೆಳಗ್ಗೆ ಸದ್ದಿಲ್ಲದೆ ಚೊಂಬಿನಿಂದ ಸುರಿದುಕೊಳ್ಳುವುದೆಂದು ಒಪ್ಪಂದವಾಯಿತು. 1987ರ ಜನವರಿಯಲ್ಲಿ ಯೂರೋಪನ್ನೆಲ್ಲ ನಡುಗಿಸಿದ ಚಳಿ ಬಂದಾಗ ಆ ಬಕೆಟ್ಟಿನ ನೀರನ್ನು ಮುಟ್ಟಲು ಶಿವನ ನಾಮಸ್ಮರಣೆ ನಿಜಕ್ಕೂ ಬೇಕಾಯಿತು.

ಕೊರಳಿನ ಕರಡಿಗೆಯಲ್ಲಿ ಏನಿದೆ ಎಂದು ಮೊದಲು ಕೇಳಿದವನು ಆ ಹುಡುಗ. ತಿಳಿದಷ್ಟು ಭಾಷೆಯಲ್ಲಿ ಹೇಳಿದೆ: ಇದು ನನ್ನ ದೇವರು, ಗುರು ಕೊಟ್ಟದ್ದು, ಅಂಗೈಯಲ್ಲಿಟ್ಟು ನೋಡುತ್ತೇನೆ, ಸಾಯುವವರೆಗೂ ಮೈಮೇಲಿರುತ್ತದೆ. ಯಜಮಾನರು ಹುಬ್ಬೇರಿಸಿದರು. ಅವರು 1905ರ ಕಾನೂನಿನ ಅಭಿಮಾನಿ. ಚರ್ಚನ್ನೂ ಸರ್ಕಾರವನ್ನೂ ಬೇರ್ಪಡಿಸಿದ ಆ ಕಾನೂನು ಫ್ರೆಂಚ್ ಉಪಾಧ್ಯಾಯರಿಗೆ ಹೆಚ್ಚುಕಡಿಮೆ ಒಂದು ಧರ್ಮಗ್ರಂಥ. ಧರ್ಮವೆಂಬುದು ಮನಸ್ಸಿನೊಳಗಿರಲಿ, ಮೈಮೇಲೇಕೆ ಎಂದು ಅವರು ವಾದಿಸಿದರು. ಪುರೋಹಿತನೂ ಗುಡಿಯೂ ಬೇಡವೆಂದೇ ನಮ್ಮ ಶರಣರು 12ನೆಯ ಶತಮಾನದಲ್ಲಿ ದೇವರನ್ನು ಮೈಮೇಲೆ ತಂದುಕೊಂಡರು ಎಂದು ನಾನು ಹೇಳಿದಾಗ ಒಂದು ಗಳಿಗೆ ಸುಮ್ಮನಾದರು. ಒಪ್ಪಲಿಲ್ಲ. ಮೆಮೆ ಮಾತ್ರ ತಮ್ಮ ಕುಪ್ಪಸದೊಳಗಿಂದ ಒಂದು ಸಣ್ಣ ಬೆಳ್ಳಿಯ ಪದಕವನ್ನು ಎಳೆದು ತೋರಿಸಿದರು. ಅದು ಪ್ಯಾರಿಸ್ಸಿನ ಬಾಕ್ ಬೀದಿಯ ಚಾಪೆಲ್ಲಿನ ಮೇರಿಮಾತೆಯ ಪದಕ.

ಅದೇ ಬೀದಿಯಲ್ಲಿ ನಮ್ಮ ಮೈಸೂರು ಸೀಮೆಗೆ ಸಂಬಂಧಿಸಿದ ಇನ್ನೊಂದು ಕಟ್ಟಡವಿದೆಯೆಂದು ಆಮೇಲೆ ತಿಳಿಯಿತು: ಅಬ್ಬೆ ದುಬುವಾ ಕಡೆಗಾಲ ಕಳೆದ ಪಾದ್ರಿಗಳ ಮಠ. 1792ರಲ್ಲಿ ಭಾರತಕ್ಕೆ ಹೊರಟ ಈ ಫ್ರೆಂಚ್ ಪಾದ್ರಿ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ನಮ್ಮ ಸೀಮೆಗೆ ಬಂದು, ನಮ್ಮವರಂತೆಯೇ ಉಡುಗೆ ಉಟ್ಟು, ನಮ್ಮವರ ಆಹಾರ ತಿಂದು, ಸಾವಿರಾರು ಜನರಿಗೆ ಸಿಡುಬಿನ ಲಸಿಕೆ ಹಾಕಿಸಿ, 1823ರಲ್ಲಿ ಹಿಂದಿರುಗಿ, 1848ರಲ್ಲಿ ತೀರಿಕೊಂಡರು. ನಮ್ಮ ಜನರ ಆಚಾರ ವಿಚಾರಗಳನ್ನು ಕುರಿತ ಅವರ ಗ್ರಂಥ 1816ರಲ್ಲಿ ಇಂಗ್ಲಿಷಿನಲ್ಲಿಯೂ 1825ರಲ್ಲಿ ಫ್ರೆಂಚಿನಲ್ಲಿಯೂ ಅಚ್ಚಾಯಿತು. ಲಿಂಗವಂತರ ಮಾತೂ ಅದರಲ್ಲಿದೆ. ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ ಅದನ್ನು ಓದಿದಾಗ ಕೆಲವೆಡೆ ಸಿಟ್ಟು ಬಂದಿತು, ಅನ್ಯರ ದೇವರನ್ನು ಕಾಣುವಾಗ ಆ ಪಾದ್ರಿಯ ಕಣ್ಣು ಮಂಜಾಗುತ್ತದೆ. ಆದರೂ ಮೂವತ್ತು ವರ್ಷ ಅನ್ಯರ ಊಟಕ್ಕೆ ನಾಲಿಗೆಯನ್ನು ಒಗ್ಗಿಸಿಕೊಂಡವರ ಮೇಲೆ, ನಾಲ್ಕು ತಿಂಗಳಿಗೇ ಸೋತಿದ್ದ ನನಗೆ ಗೌರವವೂ ಹುಟ್ಟಿತು. ನಮ್ಮ ಕಡೆಯಿಂದ ಅಲ್ಲಿಗೆ ಹೋಗಿ ನೆಲೆ ನಿಂತವರೂ ಇದ್ದಾರೆ. ಧಾರವಾಡದಲ್ಲಿ ಓದಿ ಪ್ಯಾರಿಸ್ಸಿಗೆ ಹೋದ ಡಾ. ವಸುಂಧರಾ ಫಿಲಿಯೋಜಾ ಅವರು ವಿಜಯನಗರದ ಶಾಸನಗಳನ್ನು ಕುರಿತು ಫ್ರೆಂಚಿನಲ್ಲಿ ಬರೆದ ಗ್ರಂಥ 1973ರಲ್ಲಿ ಪ್ರಕಟವಾಯಿತು. ಅವರ ಪತಿ, ಸಂಸ್ಕೃತ ವಿದ್ವಾಂಸರಾದ ಪಿಯರ್ ಸಿಲ್ವೆನ್ ಫಿಲಿಯೋಜಾ ಅವರಿಗೆ 2024ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ನೀಡಿತು.

ಈಗ ಸೇವಂತಿಗೆಯ ಪ್ರಸಂಗ. ಅಕ್ಟೋಬರ್ ಕೊನೆಯ ವಾರ ವಿಶೀಯ ಹೂವಿನಂಗಡಿಗಳೆಲ್ಲ ಸೇವಂತಿಗೆಯಿಂದ ತುಂಬಿಹೋದವು. ಕುಂಡಗಳಲ್ಲಿ ಹಳದಿ, ಬಿಳಿ, ನೇರಳೆ. ಕಾಲುದಾರಿಯ ಮೇಲೂ ಸಾಲಾಗಿ ಇಟ್ಟಿದ್ದರು. ಪೂಜೆಗೆ ಹೂವಿಲ್ಲದೆ ಒಣಗಿದ್ದ ನನ್ನ ಮನಸ್ಸು ಅರಳಿತು. ನವೆಂಬರ್ 1 ನಮಗೆ ರಾಜ್ಯೋತ್ಸವವೂ ಹೌದಷ್ಟೆ. ವಿದ್ಯಾರ್ಥಿವೇತನದ ಹಣದಲ್ಲಿ ಅಂಗಡಿಯ ಅತ್ಯಂತ ದೊಡ್ಡ ಹಳದಿ ಕುಂಡವನ್ನು ಕೊಂಡು, ಎರಡೂ ಕೈಗಳಲ್ಲಿ ಹೊತ್ತು ತಂದು, ಯಜಮಾನಿತಿಯ ಕೈಗಿತ್ತೆ. ಅವರ ಮುಖ ಬಿಳುಪೇರಿತು. ಹುಡುಗಿ ಬಾಯಿ ಮುಚ್ಚಿಕೊಂಡಳು. ಯಾರೂ ಮಾತನಾಡಲಿಲ್ಲ. ಆ ಮೇಜಿನ ಬಳಿ ಅಂಥ ಮೌನವನ್ನು ನಾನು ಕಂಡೇ ಇರಲಿಲ್ಲ.

ಆ ದೇಶದಲ್ಲಿ ಸೇವಂತಿಗೆ ಸಮಾಧಿಯ ಹೂವು. ನವೆಂಬರ್ 1ರಂದು ಸಕಲ ಸಂತರ ಹಬ್ಬ, ಮರುದಿನ ಸತ್ತವರ ದಿನ. ಆಗ ಪ್ರತಿಯೊಂದು ಕುಟುಂಬವೂ ತನ್ನ ಹಿರಿಯರ ಗೋರಿಯ ಮೇಲೆ ಸೇವಂತಿಗೆಯ ಕುಂಡ ಇಡುತ್ತದೆ. ಮೊದಲ ಮಹಾಯುದ್ಧದಲ್ಲಿ ಮಡಿದವರ ಸ್ಮರಣೆಯೊಡನೆ ಈ ರೂಢಿ ಊರೂರಿಗೂ ಹಬ್ಬಿತಂತೆ. ಬದುಕಿರುವವರಿಗೆ ಅದನ್ನು ಕೊಡುವುದೆಂದರೆ, ನಮ್ಮಲ್ಲಿ ಮನೆಗೆ ಬಂದವರು ಚಟ್ಟಕ್ಕೆ ಬಿದಿರು ತಂದುಕೊಟ್ಟಂತೆ. ಮೆಮೆ ಎದ್ದು ಬಂದು ಕುಂಡವನ್ನು ತೆಗೆದುಕೊಂಡು, “ನನ್ನ ಗಂಡನಿಗೆ ತಂದಿದ್ದಾನೆ, ಎಷ್ಟು ಚೆನ್ನಾಗಿದೆ” ಎಂದರು. ಹಬ್ಬದ ದಿನ ನನ್ನನ್ನೂ ಸ್ಮಶಾನಕ್ಕೆ ಕರೆದೊಯ್ದು, ಕಪ್ಪು ಕಲ್ಲಿನ ಆ ಗೋರಿಯ ಮೇಲೆ ನನ್ನ ಕೈಯಿಂದಲೇ ಇಡಿಸಿದರು. ನಿಮ್ಮಲ್ಲಿ ಸುಡುತ್ತಾರಲ್ಲವೇ ಎಂದು ಕೇಳಿದರು. ನಮ್ಮಲ್ಲಿ ಸುಡುವುದಿಲ್ಲ, ಲಿಂಗವನ್ನು ಅಂಗೈಯಲ್ಲಿಟ್ಟು, ವಿಭೂತಿ ಧರಿಸಿ, ಕುಳಿತ ಭಂಗಿಯಲ್ಲಿಯೇ ಮಣ್ಣಿಗೆ ಒಪ್ಪಿಸುತ್ತೇವೆ ಎಂದೆ. “ಕುಳಿತೇ?” ಎಂದು ಗೋರಿಯನ್ನು ನೋಡುತ್ತ ಬಹಳ ಹೊತ್ತು ನಿಂತರು.

ನವೆಂಬರ್ 14ರಂದು ತಂತಿ ಬಂದಿತು. ತಂದೆಯವರು ಮೂರು ದಿನ ಮುಂಚೆಯೇ ಲಿಂಗೈಕ್ಯರಾಗಿದ್ದರು. ನಾನು ಓದುವ ಹೊತ್ತಿಗೆ ಎಲ್ಲವೂ ಮುಗಿದಿತ್ತು. ಕುದೇರಿನ ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ಧರ್ಮದ ವಾದ ಮಾಡಿದ ಆ ಉಪಾಧ್ಯಾಯರು ಶಾಲೆಗೆ ರಜೆ ಹಾಕಿ, ಮಿನಿಟೆಲ್ ಎಂಬ ಅವರ ಮನೆಯ ಪುಟ್ಟ ಯಂತ್ರದಲ್ಲಿ ವಿಮಾನಗಳ ವೇಳೆ ಹುಡುಕಿ, ಹಣ ಬೇಕಾದರೆ ಕೊಡುತ್ತೇನೆ ಎಂದರು. ಮೈಸೂರಿನ ಪ್ರಸಾದನಿಲಯಕ್ಕೆ ಕರೆ ಸೇರಲು ಅರ್ಧ ದಿನ ಹಿಡಿಯಿತು. ಅಣ್ಣ ಅಲ್ಲಿ ಹೇಳಿಹೋದ ಮಾತು ಒಂದೇ: ಬರುವುದು ಬೇಡ, ಓದು ಮುಗಿಸಲಿ. ನಾನು ಹೋಗಲಿಲ್ಲ. ಅಣ್ಣನ ಮಾತು ಒಂದು ಕಾರಣ. ಹೋದರೆ ಮತ್ತೆ ಮರಳಲಾರೆನೆಂಬ ಹೆದರಿಕೆ ಇನ್ನೊಂದು. ಇಷ್ಟು ವರ್ಷಗಳಾದರೂ ಯಾವುದು ಹೆಚ್ಚು ತೂಗಿತೆಂದು ಖಚಿತವಾಗಿ ಹೇಳಲಾರೆ.

ಅಂದು ಸಂಜೆ ನನ್ನ ಕೋಣೆಯಲ್ಲಿ ಪೂಜೆಗೆ ಕುಳಿತಿದ್ದಾಗ ಮೆಮೆ ಬಾಗಿಲು ತಟ್ಟಿ ಒಳಗೆ ಬಂದರು. ಕೈಯಲ್ಲಿ ಹಳದಿ ಸೇವಂತಿಗೆಯ ಒಂದು ಸಣ್ಣ ಕುಂಡ. ಕೆಳಗಿಟ್ಟು, “ಇದು ನಿನ್ನ ತಂದೆಗೆ” ಎಂದರು. ಅದುವರೆಗೆ ನನ್ನನ್ನು ‘ವೂ’ ಎನ್ನುತ್ತಿದ್ದವರು ಅಂದು ಮೊದಲ ಬಾರಿ ‘ತ್ಯು’ ಎಂದರು. ಮಂಡಿ ನೋವಿನಿಂದ ನೆಲದ ಮೇಲೆ ಕೂರಲಾಗದೆ ಕುರ್ಚಿ ಎಳೆದುಕೊಂಡು, ಜಪಮಾಲೆ ಹಿಡಿದು, ನನ್ನ ಪೂಜೆ ಮುಗಿಯುವವರೆಗೂ ಕುಳಿತಿದ್ದರು. ನಾನು ಆ ಹೂಗಳನ್ನು ಬಿಡಿಸಿ ಲಿಂಗಕ್ಕೆ ಏರಿಸಿದೆ. ಮರುದಿನದಿಂದ ಅವರು ಕುಂಡಕ್ಕೆ ನೀರು ಹಾಕುತ್ತಿದ್ದರು.

ಫೆಬ್ರವರಿಯಲ್ಲಿ ನಾನು ಪ್ಯಾರಿಸ್ಸಿಗೆ ಹೋದೆ. ಅಲ್ಲಿಯ ಹಾಸ್ಟೆಲ್ಲಿನ ದಿನಗಳಲ್ಲಿ ಬರೆಯಲು ಅಂಥದೇನೂ ಇಲ್ಲ. ಜೂನ್ 1987ರಲ್ಲಿ ಊರಿಗೆ ಬಂದು, ಹೊಲದ ಬದುವಿನಲ್ಲಿರುವ ತಂದೆಯವರ ಗದ್ದುಗೆಯ ಬಳಿ ಮಠದ ಸ್ವಾಮಿಗಳನ್ನು ಕರೆಸಿ ಪೂಜೆ ಮಾಡಿಸಿದೆ. ಗದ್ದುಗೆಯ ಸುತ್ತ ಸೇವಂತಿಗೆ ನೆಟ್ಟಾಗ, ಇದೇನು ಹೊಸ ಪದ್ಧತಿ ಎಂದು ತಾಯಿ ಕೇಳಿದರು. ಹೇಳಿದೆ. ಮೆಮೆ 1994ರಲ್ಲಿ ತೀರಿಕೊಂಡರೆಂದು ಅವರ ಮಗಳು ಪತ್ರ ಬರೆದರು. ಕೆಂಪು ದಾರ ಕಟ್ಟಿದ ಪಾತ್ರೆ ಅಡಿಗೆಮನೆಯಲ್ಲಿ ಇನ್ನೂ ಇದೆ, ಅದರಲ್ಲಿ ಬೇರೇನನ್ನೂ ಬೇಯಿಸಲು ಅವರು ಬಿಟ್ಟಿರಲಿಲ್ಲ ಎಂದೂ ಆ ಪತ್ರದಲ್ಲಿತ್ತು.

ನೆರೆಮನೆಯ ಅಜ್ಜಿಗೆ ಇದಿಷ್ಟನ್ನೂ ಹೇಳಲಿಲ್ಲ. ಅಲ್ಲಿ ಒಳ್ಳೆಯ ಕಾಳು ಸಿಗುತ್ತದೆ, ಸೂಪನ್ನೂ ಚೀಸನ್ನೂ ಕೇಳಿ ತಿನ್ನಲಿ, ಊಟದ ಹೊತ್ತಿನಲ್ಲಿ ಬಾಯ್ತುಂಬ ಮಾತನಾಡಲಿ, ಲಿಂಗದ ಬಗ್ಗೆ ಕೇಳಿದರೆ ನಾಚದೆ ಹೇಳಲಿ, ಸೇವಂತಿಗೆಯನ್ನು ಮಾತ್ರ ಯಾರಿಗೂ ಉಡುಗೊರೆ ಕೊಡದಿರಲಿ ಎಂದೆ. ಮೊಮ್ಮಗಳು ಇದನ್ನೆಲ್ಲ ಫೋನಿನಲ್ಲಿ ಬರೆದುಕೊಂಡಳು. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಲೆಕ್ಕ ಹಾಕಿ, “ಅಂಗಾರೆ ರಾಗಿಹಿಟ್ಟು ಎಷ್ಟು ಸೇರು ಕಟ್ಲಿ ಮೇಷ್ಟ್ರೇ?” ಎಂದು ಕೇಳಿದರು.